ಸೋಪು ಕುಡಿದ ಗಡಿಗೆ

ಪೆರಂಬೂರು, ಚೆನ್ನೈ
೧೪ ಜುಲೈ ೨೦೨೫, ಸೋಮವಾರ

ತುಮಕೂರಿನ ಜಗಲಿಯಲ್ಲಿ ನೆರೆದಿರುವ ಮಹಾಜನಗಳೇ! ಈ ಕಾಗದ ಓದಿ ಹೇಳಲು ಕನ್ನಡಕ ಹುಡುಕುತ್ತಿರುವ ತಂಗಿ ಜಯಲಕ್ಷ್ಮಿಯೇ, ನಿದ್ದೆಗೂ ಎಚ್ಚರಕ್ಕೂ ನಡುವೆ ಒರಗಿರುವ ಅವಳ ಯಜಮಾನರೇ, ಕಡಲೆಕಾಯಿ ಸುಲಿಯುವ ನೆಪದಲ್ಲಿ ಬಂದು ಕೂತಿರುವ ಎದುರುಮನೆಯವರೇ! ಸಭೆ ಶಾಂತವಾಗಿರಲಿ. ಇಂದಿನ ಉಪನ್ಯಾಸದ ವಿಷಯ: ಶಿವರಾಮುವಿನ ಹೊಟ್ಟೆ, ಅದರ ಪತನ ಮತ್ತು ಪುನರುತ್ಥಾನ.

ಪ್ರೀತಿಯ ಅವ್ವಾ, ಅಡ್ಡಬಿದ್ದೆ. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯೋ, ಬಾಟಲಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟಿದ್ದೀಯೋ? ಫೋನು ಮಾಡಿದರೆ "ಸರಿ ಕಣಪ್ಪ, ಮಡುಗ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಜಯ ಮುಗಿಸುವ ತನಕ ನೀನು ಏಳುವಂತಿಲ್ಲ. ಯುಗಾದಿಯಾದ ಮರುವಾರ ಇಲ್ಲಿಂದ ಗಂಟು ಕಟ್ಟಿಕೊಂಡು ಹೊರಟವಳು ನೀನು, ಮೂರು ತಿಂಗಳಾಯಿತು. ನಿನ್ನ ಅಂಬಲಿ ಗಡಿಗೆಗೆ ಸೋಪು ಹಾಕಿ ಉಜ್ಜಿದ ಸಂಕಟ ನಿನಗಿನ್ನೂ ಇಳಿದಿಲ್ಲವೆಂದು ಜಯ ಹೇಳಿದಳು. ಅಪ್ಪ ಇದ್ದಾಗಿನಿಂದ ಬರೀ ನೀರಿನಲ್ಲಿ ಗಲಬರಿಸಿಕೊಂಡು ಬಂದ ಗಡಿಗೆ. ಹಿಂದಿನ ದಿನ ಕಾಯಿಸಿದ ರಾಗಿ ಅಂಬಲಿ ಅದರೊಳಗೆ ತಾನಾಗಿ ಹುಳಿಯಾಗುತ್ತಿತ್ತು. ಅವತ್ತು ನೀನು ಗಡಿಗೆಯನ್ನು ಮೂಸಿ, ನಿನ್ನ ಸೊಸೆ ಪಾವನಾಳ ಕಡೆ ತಿರುಗಿ, "ಓದ್ದೋರ್ ಮನೇಲಿ ಗಡ್ಗೇಗೂ ಸೋಪು ಹಚ್ಚಿ ಮದುವೆ ನೀರು ಹಾಕ್ತಾರೆ ಕಣವ್ವ" ಎಂದೆ. ಮಾರನೆಯ ದಿನ ನೀನು ರೈಲು ಹತ್ತಿದೆ.

ಇರಲಿ, ಹೊಟ್ಟೆಗೆ ಬರೋಣ. ಜೂನಿನಲ್ಲಿ ನನ್ನ ದವಡೆಹಲ್ಲಿಗೆ ಕೀವು ತುಂಬಿ ಮುಖ ಒಂದು ಕಡೆ ಗುಂಡಾಯಿತು. ಹಲ್ಲಿನ ಡಾಕ್ಟರು ಹಲ್ಲು ಕಿತ್ತು ಏಳು ದಿನದ ಆಂಟಿಬಯಾಟಿಕ್ ಬರೆದರು. ಒಂದೂ ತಪ್ಪಿಸದೆ ನುಂಗಿದೆ. ಕೀವು ಹೋಯಿತು, ಜೊತೆಗೆ ಹೊಟ್ಟೆಯೊಳಗೆ ಬಾಡಿಗೆ ಕೊಡದೆ ಒಕ್ಕಲಿದ್ದ ಒಳ್ಳೆಯ ಜೀವಾಣುಗಳೂ ಹೋದವು.

ಹಲ್ಲಿನ ನೋವಿಗೆ ಮಾತ್ರೆ,
ಒಳಗಿನ ಒಕ್ಕಲಿಗೆ ಪರಲೋಕ ಯಾತ್ರೆ!

ಉಬ್ಬರ, ಗುಡುಗು, ದಿನಕ್ಕೆ ಆರು ಸಲ ಓಟ. ರೈಲ್ವೆ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಮೇಜನ್ನೇ ಬಾಗಿಲ ಪಕ್ಕಕ್ಕೆ ಎಳೆದುಕೊಂಡೆ. ನಮ್ಮ ಬೀದಿಯ ಡಾಕ್ಟರಮ್ಮ ಪರೀಕ್ಷೆ ಮಾಡಿ ಪ್ರೋಬಯಾಟಿಕ್ ಕ್ಯಾಪ್ಸೂಲು ಕೊಟ್ಟರು. ಸತ್ತವರ ಜಾಗಕ್ಕೆ ಬದಲಿ ನೌಕರರು ಎಂದುಕೋ. "ಆದರೆ ಬರೀ ಕ್ಯಾಪ್ಸೂಲನ್ನೇ ನಂಬಬೇಡಿ, ದಿನಾ ಮೊಸರು ಮಜ್ಜಿಗೆ ತಗೊಳ್ಳಿ, ಬಾಳೆಹಣ್ಣು, ಸೊಪ್ಪು, ಬೇಳೆ ತಿನ್ನಿ, ಒಳಗೆ ಬಂದವರಿಗೂ ಊಟ ಬೇಕಲ್ಲ" ಎಂದರು.

ನಾನು ಆಜ್ಞಾಪಾಲಕ. ದಿನಾ ಮಜ್ಜಿಗೆಹುಳಿ ಮಾಡಿಸಿದೆ! ಬೂದುಗುಂಬಳದ್ದು, ಸೌತೆಕಾಯಿದ್ದು, ಕೊನೆಗೆ ಕೋಯಂಬೇಡು ಮಾರುಕಟ್ಟೆಯಿಂದ ಮೂಟೆಯಲ್ಲಿ ತಂದ ಸೀಮೆಬದನೆಯದ್ದು. ಹತ್ತು ದಿನ ಕಳೆದರೂ ಓಟ ನಿಲ್ಲಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಓದುತ್ತಿರುವ ನಿನ್ನ ಮೊಮ್ಮಗಳು ಮೌನ, ಹೆಸರಿಗೆ ಮಾತ್ರ ಮೌನ, ಕುದಿಯುತ್ತಿದ್ದ ಪಾತ್ರೆಗೆ ಇಣುಕಿ "ಅಪ್ಪಾ, ಎಲ್ಲಾಮೇ ಸೆತ್ತುಪ್ಪೋಚು ಪಾ" ಎಂದಳು. ಎಲ್ಲಾ ಸತ್ತುಹೋಯಿತಂತೆ. ಕುದಿಸಿದ ಮಜ್ಜಿಗೆಯಲ್ಲಿ ಜೀವಾಣು ಬದುಕುವುದಿಲ್ಲ. ಹತ್ತು ದಿನ ನಾನು ಉಂಡದ್ದು ಬರೀ ತಿಥಿಯೂಟ. ಡಾಕ್ಟರಮ್ಮ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹುಳಿ ರುಚಿಗೆ ತಿನ್ನಿ ಸಾರ್, ಔಷಧಿಗೆ ಅಲ್ಲ. ಮೊಸರನ್ನು ಕಾಯಿಸದೆ ತಿನ್ನಿ. ನಿಮ್ಮ ಊರಲ್ಲಿ ಅಂಬಲಿ ಇಲ್ವಾ?"

ಇತ್ತಲ್ಲ ಅವ್ವಾ, ನಿನ್ನ ಗಡಿಗೆಯಲ್ಲಿ.

ಕಾರ್ಖಾನೆಯ ಗೇಟಿನೆದುರು ಸೀತಾ ಎಂಬಾಕೆ ತಳ್ಳುಗಾಡಿಯಲ್ಲಿ ರಾಗಿ ಕೂಳು ಮಾರುತ್ತಾಳೆ. ಇವರ ಕೂಳು ಎಂದರೆ ನಮ್ಮ ಅಂಬಲಿಯೇ. ಹದಿನೆಂಟು ವರ್ಷ ಅದರ ಪಕ್ಕದಲ್ಲೇ ಸ್ಕೂಟರು ನಿಲ್ಲಿಸಿ, ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದವನು ನಾನು. ಮಾರನೆಯ ದಿನವೇ ಒಂದು ಚೊಂಬು ಕುಡಿದೆ, ಮೇಲೆ ಸಣ್ಣ ಈರುಳ್ಳಿ ಕಡಿದೆ. ಅದೇ ಹುಳಿ, ನಿನ್ನ ಗಡಿಗೆಯದೇ. ಮನೆಯಲ್ಲೇ ಮಾಡುವೆನೆಂದಾಗ ಅವಳು ಒಂದು ಸೌಟು ಹಳೆಯ ಕೂಳನ್ನು ಡಬ್ಬಿಗೆ ಹಾಕಿ ಕೊಟ್ಟಳು. ಗಡಿಗೆ ತೊಳೆಯುವುದು ಹೇಗೆಂದು ಕೇಳಿದೆ. "ಅಯ್ಯೋ ಸಾರ್, ಸೋಪ್ ಪೋಟ್ಟಾ ಪಾನೈ ಸೆತ್ತುಡುಂ!" ಸೋಪು ಹಾಕಿದರೆ ಗಡಿಗೆ ಸತ್ತೇ ಹೋಗುತ್ತದೆಯಂತೆ. ಮೈಯೆಲ್ಲ ತೂತಿರುವ ಮಣ್ಣು ಸೋಪನ್ನೂ ಕುಡಿದುಬಿಡುತ್ತದೆ, ಆಮೇಲೆ ಹಾಕಿದ ಅಂಬಲಿಗೆಲ್ಲ ಕಕ್ಕುತ್ತದೆ. ನೀನು ಇದನ್ನೇ ಹೇಳಿದ್ದೆ. ನನಗೆ ತಮಿಳಿನಲ್ಲಿ ಕೇಳಿದ ಮೇಲೆ ಅರ್ಥವಾಯಿತು.

ಹೊಸ ಗಡಿಗೆ ತಂದೆ. ಮೊದಲ ದಿನ ಅಂಬಲಿ ಸಪ್ಪೆ, ಎರಡನೆಯ ದಿನ ಸಂಶಯ, ಮೂರನೆಯ ದಿನ ಮುಚ್ಚಳ ತೆಗೆದರೆ ಗುಳ್ಳೆ! ಈಗ ಬೆಳಿಗ್ಗೆ ಅಂಬಲಿಗೆ ಮಜ್ಜಿಗೆ ಬೆರೆಸಿ ಕುಡಿಯುತ್ತೇನೆ, ಮಧ್ಯಾಹ್ನ ಮೊಸರನ್ನ, ಸಂಜೆ ಎರಡು ಬಾಳೆಹಣ್ಣು. ಎರಡು ವಾರದಲ್ಲಿ ಗುಡುಗು ನಿಂತಿತು, ಕ್ಯಾಪ್ಸೂಲೂ ಮುಗಿಯಿತು. ಮೇಜು ಮತ್ತೆ ಕಿಟಕಿ ಪಕ್ಕಕ್ಕೆ ಹೋಗಿದೆ.

ಓಡುವ ಹೊಟ್ಟೆ ನಿಂತಿತು,
ನಿಂತ ಸಂಸಾರ ಕುಂಟಿತು.

ಎರಡನೆಯ ಸಾಲು ಸುಮ್ಮನೆ ಬಂತು, ತಲೆ ಕೆಡಿಸಿಕೊಳ್ಳಬೇಡ. ಪಾವನಾ ಮಾತ್ರ ಹೊಸ ಗಡಿಗೆಯಿಂದ ಒಂದು ತೊಟ್ಟೂ ಕುಡಿಯುವುದಿಲ್ಲ. ನಿನ್ನೆ ನಾನು ಹೊಟ್ಟೆ ಸವರಿಕೊಂಡು ಪ್ರಾಸ ಕಟ್ಟುತ್ತಿದ್ದಾಗ, ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಅಂದಳು: "ಹೊಟ್ಟೆ ಸರಿಹೋಯ್ತಲ್ಲ, ಇನ್ನಾದ್ರೂ ಬಾಯಿ ಬಿಡಿ."

ಜಯಳಿಗೂ ಅವಳ ಯಜಮಾನರಿಗೂ ನಮ್ಮ ನೆನಪುಗಳು. ಮೌನ ನಿನ್ನ ಕಾಲಿಗೆ ಬಿದ್ದಿದ್ದಾಳೆ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ; ಗುದ್ದುವುದಕ್ಕಾದರೂ ಸರಿ.

ನಿನ್ನ ಮಗ,
ಶಿವರಾಮು

ಮರೆತಿದ್ದೆ: ಜಯಾ, ಇದನ್ನು ಗಟ್ಟಿಯಾಗಿ ಓದು, ಎದುರುಮನೆಗೂ ಕೇಳಿಸಲಿ. ಅವ್ವಾ, ಗಡಿಗೆ ತೊಳೆದದ್ದು ಪಾವನಾ ಅಲ್ಲ. ನಾನು. ಆಫೀಸಿನ ಸಾಹೇಬರು ಊಟಕ್ಕೆ ಬರುವವರಿದ್ದರು, ಅಡುಗೆಮನೆಯಲ್ಲಿ ಹುಳಿವಾಸನೆ ಬರುತ್ತದೆಂದು ನಾಚಿಕೆಪಟ್ಟು ಉಜ್ಜಿದೆ. ನೀನು ಅವಳನ್ನು ಬೈಯುವಾಗ ಅವಳು ನನ್ನ ಮುಖ ನೋಡಿದಳು, ನಾನು ನೀರು ಕುಡಿಯಲು ಒಳಗೆ ಹೋದೆ. ಮರೆತಿದ್ದೆ ಎಂದದ್ದೂ ಸುಳ್ಳು. ಶನಿವಾರದ ರೈಲಿಗೆ ಕರೆಯಲು ಬರುತ್ತಿದ್ದೇನೆ. ಬರುವುದು ಬಿಡುವುದು ನಿನ್ನಿಷ್ಟ, ಆದರೆ ಮೊದಲು ಅವಳಿಗೆ ಒಂದು ಫೋನು ಮಾಡು.