ಕೊರಗಪ್ಪಣ್ಣನೂ ನನ್ನ ಬಲಗೈಯೂ

ಅಲ್ ಮಬೇಲಾ, ಶನಿವಾರ

ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ಮರ್ಯಾದೆಗೆ ಮಾತ್ರ ಸ್ವಲ್ಪ ಪೆಟ್ಟಾಗಿದೆ. ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೂ ಈ ಗಲ್ಫಿನಲ್ಲಿರುವ ನಮ್ಮೂರವರ ಸಂಘದ ಅಧ್ಯಕ್ಷ ಕೊರಗಪ್ಪಣ್ಣನೇ ಅಡ್ಮಿನ್, ಅಲ್ಲಿ ಬರೆದದ್ದೆಲ್ಲ ಅವರ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಈ ಕಾರ್ಡು.

ನಿನ್ನೆ ಮಗಳು ಸಮೀಕ್ಷಾಳಿಗೆ ಅಮೆರಿಕದ ಚರಿತ್ರೆ ಹೇಳಿಕೊಡುತ್ತಿದ್ದೆ. ಕಾರ್ಖಾನೆಗಳು ಎದ್ದವು, ಹೊರದೇಶದ ಬಡವರು ನಗರಗಳಿಗೆ ನುಗ್ಗಿದರು, ರಾಜಕೀಯ ಪಕ್ಷದ ಧಣಿಗಳು ಅವರಿಗೆ ಕೋಣೆ, ಕೆಲಸ, ಚಳಿಗಾಲಕ್ಕೆ ಕಲ್ಲಿದ್ದಲು ಕೊಡಿಸಿ ವೋಟು ಬಾಚಿಕೊಂಡರು ಎಂದೆ. “ಒಂದು ಮೂಟೆ ಕಲ್ಲಿದ್ದಲಿಗೆ ವೋಟು ಮಾರಿದ ಪೆದ್ದರು!” ಎಂದು ಮೇಜು ಕುಟ್ಟಿದೆ.

ಅವಳು ತಲೆ ಎತ್ತದೆ, “ಆ ಧಣಿಗಳು ಲೈಕ್ ಕೊರಗಪ್ಪ ಅಂಕಲ್?” ಎಂದಳು.

ನನಗೆ ಈ ಮನೆ ಕೊಡಿಸಿದವರು, ಕೆಲಸಕ್ಕೆ ಹಚ್ಚಿದವರು ಅವರೇ. ಗ್ಯಾಸ್ ಖಾಲಿಯಾದರೆ ಸಿಲಿಂಡರ್ ಕಳಿಸುವವರೂ ಅವರೇ.

ಸಂಜೆ ಸಂಘದ ಚುನಾವಣೆಯಿತ್ತು. ಈ ಸಲ ಎದುರಾಳಿಗೇ ನನ್ನ ಮತ ಎಂದು ಎದೆಯುಬ್ಬಿಸಿ ಹೋದೆ. ಕೊರಗಪ್ಪಣ್ಣ ಎದ್ದು, “ನಾನೇ ಮುಂದುವರಿಯಬೇಕು ಅನ್ನುವವರು ಬೇಗ ಕೈ ಎತ್ತಿ ಮಾರಾಯ್ರೆ, ಖಲಾಸ್ ಮಾಡುವ. ಕೋಳಿಸಾರು ತಣ್ಣಗಾಗ್ತದೆ” ಎಂದರು. ಎಲ್ಲರಿಗಿಂತ ಮೊದಲು ಮೇಲೆದ್ದದ್ದು ನನ್ನ ಕೈ! ಅಮೆರಿಕದ ಆ ಪೆದ್ದರಿಗೆ ಚಳಿಯ ನೆಪವಾದರೂ ಇತ್ತು. ಇಲ್ಲಿ ನಲವತ್ತಾರು ಡಿಗ್ರಿ ಸೆಕೆ.

ಜಾಗ ಮುಗಿಯಿತು. ನಿನ್ನ ಅಳಿಯ ಅಕ್ಷಯನ ಕೆಲಸದ ವಿಷಯ ಊಟದ ಹೊತ್ತಿಗೇ ಕೊರಗಪ್ಪಣ್ಣನ ಕಿವಿಗೆ ಹಾಕಿದ್ದೇನೆ, ಆಗ್ತದೆ ಎಂದಿದ್ದಾರೆ. ಸರ್ಟಿಫಿಕೇಟಿನ ಚಿಂತೆ ಬೇಡ. ಅವನ ಬಲಗೈ ಸಲೀಸಾಗಿ ಮೇಲೇಳುತ್ತದೋ ನೋಡಿ ಕಳಿಸು.

ನಿನ್ನ ತಮ್ಮ,
ಜಯಕರ