ಹದಿನೇಳನೇ ಇಸ್ವಿಯ ಡಿಸ್ಕು

ಫೆಬ್ರವರಿ 11, ಮಂಗಳವಾರ
ಬೆಳಿಗ್ಗೆ ಆರು ಅರ್ಜಿ ಟೈಪು. ಮುಶಿಗೇರಿಯವರ ಲಗ್ನಪತ್ರಿಕೆ ಮೂರನೇ ಸಲ ತಿದ್ದಿದೆ — ಸೋದರಮಾವನ ಹೆಸರು ಮ್ಯಾಲೆ ಬರಬೇಕಂತ. ಮಧ್ಯಾಹ್ನದ ಬಸ್ಸಿಗೆ ಗದಗ. ಮನೆಯಲ್ಲಿ ಹೇಳಿದ್ದು, ಪ್ರಿಂಟರಿಗೆ ಇಂಕು ತರಬೇಕು ಅಂತ.

ಡಾಕ್ಟರು ಮೊನ್ನೆ ಕೆಮ್ಮಿಗೆಂದು ಮಾಡಿಸಿದ ಸ್ಕ್ಯಾನ್ ಬೆಳಕಿಗೆ ಹಿಡಿದರು. ಬಲಗಡೆ ಶ್ವಾಸಕೋಶದಲ್ಲಿ ಒಂದು ಚುಕ್ಕಿ. ಒಂಬತ್ತು ಮಿಲಿಮೀಟರ್. ಕಡಲೆಕಾಳಿನಷ್ಟು.

"ಇದು ಹೊಸಾದೋ ಹಳೇದೋ ಗೊತ್ತಾಗಬೇಕ್ರಿ. ಹಿಂದ ಯಾವಾಗರ ಎದಿ ಸ್ಕ್ಯಾನ್ ಆಗೇತೇನು?"

ಆಗಿತ್ತು. 2017. ಇಟಗಿಗೆ ಹೋಗುವಾಗ ಇವರ ಬೈಕಿನ ಹಿಂದೆ ಕೂತಿದ್ದವಳು ಬಿದ್ದು ಪಕ್ಕೆಲುಬು ಮುರಿದಾಗ, ಹುಬ್ಬಳ್ಳಿಯಲ್ಲಿ.

"ಆಗೂ ಇಷ್ಟ ಇತ್ತಂದ್ರ ಅಂಜೂದು ಬ್ಯಾಡ. ಇರಲಿಲ್ಲಂದ್ರ ಸೂಜಿ ಹಾಕಿ ತುಣುಕು ತಗದು ನೋಡಬೇಕಾಕ್ಕೈತಿ. ಹಳೇ ಡಿಸ್ಕ್ ಇದ್ರ ಪೆನ್‌ಡ್ರೈವಿಗೆ ಹಾಕ್ಕೊಂಡು ಬರ್ರಿ. ನಮ್ಮ ಹೊಸಾ ಕಂಪ್ಯೂಟರಿಗೆ ಡಿಸ್ಕ್ ಹಾಕೂ ಜಾಗಾನ ಇಲ್ಲ."

ಆಟೋ ಮಗಳು ಚಿನ್ನೂನ ಹಾಸ್ಟೆಲ್ ಮುಂದೆಯೇ ಹೋಯಿತು. ಇಳಿಯಲಿಲ್ಲ. ಇಂಕು ತಂದೆ.

ಫೆಬ್ರವರಿ 12
ಟ್ರಂಕು ಹುಡುಕಿದೆ. ಹಳೇ ಫಿಲ್ಮು ಒಂದಕ್ಕೊಂದು ಅಂಟಿ ಹೋಗಿವೆ. ಬಿಡಿಸಿದರೆ ಕಪ್ಪು ಬಣ್ಣವೇ ಕಿತ್ತು ಬರುತ್ತದೆ. ರಿಪೋರ್ಟು ಒಂದೇ ಹಾಳೆ, ಬರೀ ಎಲುಬಿನ ಸುದ್ದಿ. ಡಿಸ್ಕು ಸಿಕ್ಕಿತು. ನನ್ನ ಕಂಪ್ಯೂಟರಿನ ಡಿವಿಡಿ ಡ್ರೈವು ಬಾಯಿ ತೆರೆಯದೆ ಎಷ್ಟೋ ವರ್ಷ.

ಇವರಿಗೆ ಹೇಳುವುದಿಲ್ಲ. ಇವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಬೀಜದಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಸಂಜೆಯೊಳಗೆ ಸುದ್ದಿ ಚಿನ್ನೂಗೆ ಮುಟ್ಟುತ್ತದೆ. ಅವಳ ಪಿಯುಸಿ ಪರೀಕ್ಷೆ ಮಾರ್ಚ್ ಒಂದಕ್ಕೆ. ಇಪ್ಪತ್ತಕ್ಕೆ ಮುಗಿಯಲಿ. ಆಮೇಲೆ.

ಫೆಬ್ರವರಿ 15, ಶನಿವಾರ
ಗಜೇಂದ್ರಗಡದಲ್ಲಿ ಮೂರು ಅಂಗಡಿಯಲ್ಲಿ ಡಿವಿಡಿ ಡ್ರೈವು ಕೇಳಿದೆ. ಒಬ್ಬ ನಕ್ಕ. ರೋಣಕ್ಕೆ ಹೋದೆ. ಅಲ್ಲಿನ ಅಂಗಡಿಯ ಅಕ್ಬರಸಾಬರು ಮೊದಲು ಕ್ಯಾಸೆಟ್ಟು ಮಾರುತ್ತಿದ್ದರು, ಆಮೇಲೆ ಸಿಡಿ ಬಾಡಿಗೆಗೆ. ಈಗ ಮೊಬೈಲ್ ಕವರು. ಹಿಂದಿನ ಕೋಣೆಯಿಂದ ಒಂದು ಹಳೇ ಕಂಪ್ಯೂಟರಿನ ಡಬ್ಬಿ ಎಳೆದು ತಂದು, ಡ್ರೈವು ಬಿಚ್ಚಿ, ಉಫ್ ಅಂತ ಧೂಳು ಊದಿದರು.

"ಈಗ ಇದನ್ನ ಯಾರೂ ಕೇಳೂದಿಲ್ರಿ ಅಕ್ಕಾರ. ಡಿಸ್ಕ್ ಕೊಟ್ಟು ಹೋಗ್ರಿ, ಎಲ್ಲೆರ ಕಾಪಿ ಮಾಡಿಸಿ ಇಡ್ತೀನಿ."

"ಬ್ಯಾಡ್ರಿ. ಮನ್ಯಾಗ ಮಾಡ್ಕೋತೀನಿ."

ಡಿಸ್ಕಿನ ಮೇಲೆ ಆಸ್ಪತ್ರೆಯ ಹೆಸರೂ ನನ್ನ ಹೆಸರೂ ಇವೆ. ಅವರು ಮತ್ತೆ ಕೇಳಲಿಲ್ಲ. ಒಂದು ಕೇಬಲ್ ಹೆಚ್ಚಿಗೆ ಕೊಟ್ಟರು. ಬೇಕಾದೀತು ಅಂತ.

ಫೆಬ್ರವರಿ 16, ಭಾನುವಾರ
ಪ್ಲಗ್ ತೆಗೆದು ನನ್ನ ಕಂಪ್ಯೂಟರಿನ ಡಬ್ಬಿ ಅಡ್ಡ ಮಲಗಿಸಿದೆ. ಪಕ್ಕದ ತಗಡು ಬಿಚ್ಚಿದರೆ ಒಳಗೆ ಹತ್ತಿ ಹಾಕಿದಂತೆ ಧೂಳು. ಹಳೇ ಡ್ರೈವಿಗೆ ನಾಲ್ಕು ಸ್ಕ್ರೂ. ಮೂರು ಬಂದವು, ಒಂದು ತಿರುಗಲೊಲ್ಲದು — ಎಣ್ಣೆ ಹಚ್ಚಿ ಅರ್ಧ ತಾಸು. ಹೊಸದನ್ನು — ಅಂದರೆ ಅಕ್ಬರಸಾಬರ ಹಳೇದನ್ನೇ — ಮುಂದಿನಿಂದ ತಳ್ಳಿದೆ. ಅಗಲದ್ದು ಕರೆಂಟಿನ ವೈರು, ಸಣ್ಣದು ಡೇಟಾ ಕೇಬಲ್.

ಚಾಲೂ ಮಾಡಿದೆ. ಲೈಟು ಹತ್ತಿತು, ಬಾಯಿ ತೆರೆಯಿತು. ಸ್ಕ್ರೀನಿನಲ್ಲಿ ಮಾತ್ರ ಡ್ರೈವಿನ ಗುರುತೇ ಇಲ್ಲ. ಬಂದ್ ಮಾಡಿ ಅಕ್ಬರಸಾಬರ ಕೇಬಲ್ ಹಾಕಿದೆ. ಬಂತು.

ಅತ್ತ್ಯಾರು ಬಾಗಿಲಲ್ಲಿ ನಿಂತಿದ್ದರು. "ಏನ ಅದು?"

"ಚಿನ್ನೂನ ಜವಳದ ಡಿವಿಡಿ ನೋಡೂಣಂತ್ರಿ."

ಬಾಯಿಗೆ ಬಂದದ್ದು ಹೇಳಿದೆ. ಹಾಕಬೇಕಾಯಿತು. ಇವರೂ ಊಟ ಬಿಟ್ಟು ಬಂದು ಕೂತರು. ಬೋಳು ತಲೆಯ ಚಿನ್ನು ಅಳುವುದು ನೋಡಿ ಇಬ್ಬರೂ ನಕ್ಕರು. ನಾನೂ ನಕ್ಕೆ, ಕೆಮ್ಮು ಬಂತು, ಒಳಗೆ ಹೋದೆ.

ಫೆಬ್ರವರಿ 19
ಮೂರು ದಿನದಿಂದ ಜವಳವೇ. ಓಣಿಯ ಮಾಯವ್ವನನ್ನೂ ಕರೆಸಿದರು. ನನ್ನ ಡಿಸ್ಕಿಗೆ ಪಾಳಿ ಇಲ್ಲ.

ಫೆಬ್ರವರಿ 20, ಗುರುವಾರ, 11 ಗಂಟೆ
ಇವರು ಅಂಗಡಿಗೆ. ಅತ್ತ್ಯಾರು ಅಕ್ಕಿ ಆರಿಸುತ್ತಿದ್ದರು. ಡಿಸ್ಕ್ ಹಾಕಿದೆ. ಡ್ರೈವು ಗರಗರ ಅಂತು, ಕಾಪಿ ಸುರುವಾಯಿತು. ಅರವತ್ತೊಂದು ಪರ್ಸೆಂಟಿಗೆ ನಿಂತಿತು. ಮತ್ತೆ ಹಾಕಿದೆ. ಅರವತ್ತೊಂದು.

ಅಕ್ಬರಸಾಬರಿಗೆ ಫೋನು. "ಗುಂಡಗ ಒರಸಬ್ಯಾಡ್ರಿ. ನಡುವಿಂದ ಅಂಚಿಗೆ, ನೆಟ್ಟಗ. ಮೆತ್ತನ್ನ ಅರಿವಿ. ಆಮ್ಯಾಲ ಲಗೂ ಮಾಡಬ್ಯಾಡ್ರಿ, ಅದು ತಿಣುಕಲಿ."

ಚಿನ್ನೂನ ಹಳೇ ಲಂಗದ ಅರಿವೆ. ಒರೆಸಿದೆ. ಅರವತ್ತೊಂದಕ್ಕೆ ನಿಂತಿತು... ಹತ್ತು ನಿಮಿಷ ಕೈ ಕಟ್ಟಿ ಕೂತೆ. ಅರವತ್ತೆರಡು.

ಒಂದೂ ಕಾಲಿಗೆ ಮುಗಿಯಿತು. ತೆರೆದು ನೋಡಿದೆ. ಸುವರ್ಣಾ ಡಿ., 38, ಹೆಣ್ಣು. ಮೌಸಿನ ಗಾಲಿ ತಿರುಗಿಸಿದರೆ ನನ್ನ ಎದೆ ಹೋಳು ಹೋಳಾಗಿ ಹೋಗುತ್ತದೆ. ಬಿಳಿ ಚುಕ್ಕಿ ನೂರು ಇವೆ. ಯಾವುದು ನಾಳ, ಯಾವುದು ಅದು, ನನಗೇನು ತಿಳಿದೀತು.

"ಅದು ನಿಂದೇನು?"

ಅತ್ತ್ಯಾರು. ಮೊರ ಕೈಯಲ್ಲೇ ಇತ್ತು.

"ಹೌದ್ರಿ."

"ಕೆಮ್ಮಿಂದಾ?"

"ಹೂಂ."

"ನಿನ್ನ ಗಂಡಗ ಹೇಳಿಯೇನು?"

"ಇಲ್ರಿ. ಚಿನ್ನೂನ ಪರೀಕ್ಷಾ..."

ಅವರಿಗೆ ಅಕ್ಕಿಯಲ್ಲಿ ಒಂದು ಹರಳು ಸಿಕ್ಕಿತು, ಆರಿಸಿ ಒಗೆದರು.

"ಚಲೋ ಮಾಡಿದಿ. ಎಂದ ಹೋಗೂದು? ನಾ ಬರ್ತೀನಿ."

ಫೆಬ್ರವರಿ 25, ಮಂಗಳವಾರ
ನಾಳೆ ಶಿವರಾತ್ರಿ. ಬಸ್ಸಿನಲ್ಲಿ ಕಲ್ಲಂಗಡಿ ಬುಟ್ಟಿಗಳು. ಅಬ್ಬಿಗೇರಿ ದಾಟಿದ ಮೇಲೆ ಅತ್ತ್ಯಾರು, "ನಿಂಗ ಏನಾರ ಆದ್ರ ನನ್ನ ಕೂಡ ಜಗಳಾ ಮಾಡವ್ರು ಯಾರ?" ಅಂದರು. ನನ್ನ ಕೈ ಮೇಲೆ ಕೈ ಇಟ್ಟರು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಇರಬೇಕು.

ಡಾಕ್ಟರು ಎರಡೂ ಸ್ಕ್ಯಾನ್ ಅಕ್ಕಪಕ್ಕ ಇಟ್ಟರು. ಹಿಂದೆ, ಮುಂದೆ, ಹಿಂದೆ. ಭಾಳ ಹೊತ್ತು. ನಾನು ಗೋಡೆಯ ಕ್ಯಾಲೆಂಡರಿನ ರಜೆಗಳನ್ನು ಎಣಿಸಿದೆ.

"ಇಲ್ಲೈತಿ ನೋಡ್ರಿ. ಆಗ ಎಂಟು ಮಿಲಿಮೀಟರ್, ಈಗ ಒಂಬತ್ತು. ಒಂದು ಮಿಲಿಮೀಟರ್ ಅಳತ್ಯಾಗಿನ ಫರಕು. ಎಂಟು ವರ್ಷ ಸುಮ್ನ ಕುಂತೈತಿ. ಸೂಜಿ ಬ್ಯಾಡ. ವರ್ಷ ಬಿಟ್ಟು ಒಮ್ಮಿ ನೋಡೂಣು. ಕೆಮ್ಮು ಬ್ಯಾರೇ, ಅದು ಧೂಳಿಂದು."

ಅತ್ತ್ಯಾರು ಕೇಳಿದರು, "ಖರೇನ್ರಿ ಸಾಹೇಬ್ರ?"

"ಖರೇ ಅವ್ವಾ."

ಹೊರಗೆ ಬಂದು ಇಬ್ಬರೂ ಚಹಾ ಕುಡಿದೆವು.

ಮಾರ್ಚ್ 20, ಗುರುವಾರ, ಸಂಜೆ 7
ಚಿನ್ನೂನ ಪರೀಕ್ಷೆ ಮುಗಿಯಿತು. ನಾಳೆ ಬರುತ್ತಾಳೆ. ಮಧ್ಯಾಹ್ನ ಊಟಕ್ಕೆ ಬಂದಾಗ ಇವರಿಗೆ ಹೇಳಿದೆ. ಎಲ್ಲಾ. ಜೋಳದ ರೊಟ್ಟಿ ಮುರಿದ ಕೈ ಹಾಗೇ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಕೈ ತೊಳೆದು ಅಂಗಡಿಗೆ ಹೋದರು.

ಆರಕ್ಕೇ ಬಾಗಿಲು ಹಾಕಿ ಬಂದರು. "ಅದನ್ನ ತೋರಸು." ಹಳೇ ಡಿಸ್ಕ್ ಹಾಕಿ, ಡಾಕ್ಟರು ತೋರಿಸಿದ ಚುಕ್ಕಿ ತೋರಿಸಿದೆ. ನೋಡಿ ತಲೆ ಆಡಿಸಿದರು.

"ಮುರಿದ ಎಲಬು ಯಾವುದು?"

ಎಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತೋರಿಸಿದೆ. ಎರಡು, ಬಲಗಡೆ.

"ಅವತ್ತ ಬೈಕು ನಾ ಹೊಡೀತಿದ್ದೆ," ಅಂದರು. ಗೊತ್ತಿಲ್ಲದವಳಿಗೆ ಹೇಳುವಂತೆ.

"ನಾಯಿ ಅಡ್ಡ ಬಂತಲ್ರಿ."

"ನಾಯಿ ಬಂದಿರಲಿಲ್ಲ. ನಾ ಅಂಗಡಿಂದು ಫೋನ್ ತಗದಿದ್ದೆ. ಎಲ್ಲಾರಿಗೂ, ನಿನಗೂ, ನಾಯಿ ಅಂತ ಹೇಳಿದೆ."

ಹಿಂದಿನ ಕುರ್ಚಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಇವರು ಇನ್ನೂ ನೋಡುತ್ತಿದ್ದಾರೆ. ಗಾಲಿ ಮೆಲ್ಲಗೆ ತಿರುಗಿಸುತ್ತಾರೆ — ಹಿಂದೆ, ಮುಂದೆ. ಈಗ ನಿಲ್ಲಿಸಿದರು. ಸ್ಕ್ರೀನಿನ ಮೇಲೆ ಬೆರಳಿಟ್ಟಿದ್ದಾರೆ.

"ಸುವರ್ಣಾ, ಇಲ್ಲಿ ಬಾ. ಈ ಎಲಬು ಕೂಡಿತೋ ಇಲ್ಲೋ..."

ಹೋಗಬೇಕು. ಕೂಡಿದೆ ಅಂತ ಹೇಳಬೇಕು.