ಕುರ್ಚಿಯ ಕೆಳಗಿನ ಬಿರಡೆ

ಅಪ್ಪ,

ಈ ಕಾಗದ ಹಾಕಲು ನಿನಗೀಗ ವಿಳಾಸವಿಲ್ಲ, ಗೊತ್ತು. ಆದರೂ ಹೇಳದೆ ಕೂರಲಾಗುತ್ತಿಲ್ಲ. ಇವತ್ತು ಚಂಡಮಾರುತಕ್ಕೆ ಪ್ಯಾಮ್ಲಿಕೊ ಕೊಲ್ಲಿಯ ನೀರು ನಮ್ಮ ದ್ವೀಪದ ಮೇಲೇ ಹತ್ತಿತು. ವೆಂಡೆಲ್ ಬಾಗಿಲ ಸಂದಿಗೆ ಟವೆಲ್ ತುರುಕುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ಗಂಡ ಒಳನಾಡಿನವನೇ.

ಎದುರುಮನೆಯ ಐವಾ ಮಹಡಿ ಕಿಟಕಿಯಿಂದ ಗಾಳಿಯನ್ನೂ ಮೀರಿಸಿ ಕಿರುಚಿದಳು. "ಏ ಡೆಲ್ಫಾ, ಟವೆಲ್ ಬಿಸಾಕೇ! ನೀರು ಒಳಗೆ ಬಿಟ್ಕೋ, ಇಲ್ಲಾಂದ್ರೆ ಮನೆ ದೋಣಿ ಥರ ತೇಲ್ಕೊಂಡು ಹೋಗತ್ತೆ! ನಿಮ್ಮಪ್ಪ ನೆಲಕ್ಕೆ ತೂತು ಕೊರೆದಿದ್ದು ಅದಕ್ಕೇ ಅಲ್ವೇನೇ? ಬಿರಡೆ ಕೀಳು!"

"ಅದು ಹೊಸ ನೆಲದ ಕೆಳಗಿದೆ!"

"ಹಾಳಾಗ್ ಹೋಗ್ಲಿ ನಿನ್ನ ಹೊಸ ನೆಲ!"

ಅಷ್ಟರಲ್ಲಿ ಮನೆ ನೀರಿನ ಮೇಲೆ ಒಮ್ಮೆ ಎದ್ದು ಮತ್ತೆ ಕೂತಿತು. ತೆರೆಯಲು ಹೋದರೆ ಬಾಗಿಲು ಉಬ್ಬಿ ಬಿಗಿದಿತ್ತು. ಕೊಡಲಿ ತಂದೆ, ಆದರೆ ಎಲ್ಲಿ ಹೊಡೆಯಲಿ? ಹಲಗೆಗಳೆಲ್ಲ ಒಂದೇ ಥರ ಹೊಳೆಯುತ್ತಿದ್ದವು. ಆಗ ಮೂಲೆಯಲ್ಲಿ ನಿನ್ನ ಕುರ್ಚಿ ಕಂಡಿತು.

ಈ ನೆಲ ಹಾಕಿಸಿದ ದಿನ ನೀನು ಕಿಟಕಿಯ ಬಳಿಯಿದ್ದ ಕುರ್ಚಿಯನ್ನು ಆ ಕತ್ತಲೆ ಮೂಲೆಗೆ ಎಳೆದುಕೊಂಡು ಹೋಗಿ, ಸಾಯುವ ತನಕ ಅಲ್ಲೇ ಕೂತೆ. ಮುದುಕನಿಗೆ ಮುನಿಸು ಎಂದು ನಾವು ನಗಾಡಿದೆವು.

ಕುರ್ಚಿ ಸರಿಸಿ, ಅದರ ಕಾಲುಗಳು ಊರಿದ ಗುರುತುಗಳ ನಡುವೆ ಹೊಡೆದೆ. ನಿನ್ನ ಬಿರಡೆ ಸರಿಯಾಗಿ ಅಲ್ಲೇ ಇತ್ತು. ಕಿತ್ತೆ. ನೀರು ಉಕ್ಕಿ ಒಳಗೆ ಬಂತು, ಮನೆ ನಿಂತಿತು.

ಈಗ ನೀರಿಳಿದಿದೆ. ವೆಂಡೆಲ್ ಕೆಸರು ಬಳಿದು ಹೊರಹಾಕುತ್ತಿದ್ದಾನೆ. ನಾನು ಮಾತ್ರ ಆಗಿನಿಂದ ನಿನ್ನ ಕುರ್ಚಿ ಹಿಡಿದುಕೊಂಡು ಮನೆ ತುಂಬ ಓಡಾಡುತ್ತಿದ್ದೇನೆ, ಅಪ್ಪ. ಎಲ್ಲಿಡಬೇಕೋ ತಿಳಿಯುತ್ತಿಲ್ಲ.